ಹೊಗೆ ಒಗೆದ ಚಲುವಯ್ಯ

ಕಟ್ಟೆಮಳಲವಾಡಿಯ ಚಲುವಯ್ಯನ ಬಾಯಿಗೂ ಹಕಾರಕ್ಕೂ ಹುಟ್ಟಿದಂದಿನಿಂದ ಎಣ್ಣೆ ಸೀಗೆಕಾಯಿ. ಹಾಲು ಅವನಿಗೆ ಆಲು, ಹಳ್ಳಿ ಅಳ್ಳಿ, ಹಸು ಅಸು. ನಮ್ಮ ಸೀಮೆಯಲ್ಲಿ ಇದೇನೂ ದೊಡ್ಡ ವಿಷಯವಲ್ಲ, ನಾನೂ ಮನೆಯಲ್ಲಿ ಮಾತಾಡುವುದು ಹಾಗೆಯೇ. ಆದರೆ ಚಲುವಯ್ಯನದು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಕೈಯಲ್ಲಿ ಫೈಲು ಹಿಡಿದವರು ಎದುರಿಗೆ ಬಂದರೆ ಸಾಕು, ಅವನಿಗೆ ಶುದ್ಧವಾಗಿ ಮಾತಾಡಬೇಕೆಂಬ ಉಮೇದು ಬರುತ್ತಿತ್ತು. ತನ್ನ ಮಾತಿನಲ್ಲಿ ಹಕಾರ ಬಿಟ್ಟುಹೋಗುತ್ತಿದೆ ಅನ್ನುವುದು ಅವನಿಗೆ ಗೊತ್ತಿತ್ತು. ಎಲ್ಲಿ ಬಿಟ್ಟುಹೋಗುತ್ತಿದೆ ಅನ್ನುವುದು ಗೊತ್ತಿರಲಿಲ್ಲ. ಆದ್ದರಿಂದ ಗೌರವ ಹೆಚ್ಚಾದಷ್ಟೂ ಸಿಕ್ಕಸಿಕ್ಕ ಕಡೆ ಒಂದೊಂದು ಹಕಾರ ಅಂಟಿಸಿಬಿಡುತ್ತಿದ್ದ. ಇಂಜಿನ್ನು ಹಿಂಜಿನ್ನಾಗುತ್ತಿತ್ತು, ಎಣ್ಣೆ ಹೆಣ್ಣೆಯಾಗುತ್ತಿತ್ತು. ಒಂದು ಸಲ ಲೆಕ್ಕಪತ್ರ ನೋಡಲು ಬಂದಿದ್ದ, ಈರುಳ್ಳಿಯನ್ನೂ ಮುಟ್ಟದ ದೊಡ್ಡ ಮನುಷ್ಯರೊಬ್ಬರಿಗೆ ಇವನು ಕೈಮುಗಿದು, "ಸಾರ್, ಹಕ್ಕಿ ಬೇಯ್ತಾ ಹದೆ, ಹೂಟ ಮಾಡ್ಕಂಡೇ ಓಗಿ" ಅಂದ. ಅವರು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಅಕ್ಕಿ ಬೇಯುತ್ತಿದೆ ಎಂದು ವಿವರಿಸಲು ನಾವು ಅರ್ಧ ಮೈಲಿ ಹಿಂದೆ ಓಡಬೇಕಾಯಿತು.

ನಾವು ಕೆಲಸ ಮಾಡುತ್ತಿದ್ದದ್ದು ಕೃಷ್ಣರಾಜನಗರದ ಆಚೆ, ಕೆರೆಯ ಪಕ್ಕದ ಒಂದು ಹೆಂಚಿನ ಕಾರ್ಖಾನೆಯಲ್ಲಿ. ಈಗ ಅದು ಮುಚ್ಚಿಹೋಗಿದೆ, ಹೆಸರು ಬೇಡ. ನಾನು ಅಲ್ಲಿನ ವರ್ಕ್‌ಶಾಪಿನಲ್ಲಿ ಲೇತಿನ ಮೇಲಿದ್ದೆ. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಕಬ್ಬಿಣ ಕಡೆಯುವುದರಲ್ಲಿ ನನ್ನನ್ನು ಸರಿಗಟ್ಟುವವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಚಲುವಯ್ಯನ ಓದು ನನಗಿಂತ ಒಂದು ಕ್ಲಾಸು ಕಡಿಮೆ. ಪ್ರಾಯದಲ್ಲಿ ಅವನು ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಿಗೆ ತಗಡಿನ ಕೊಳವೆ ಕೂರಿಸುವ ಕೆಲಸ ಮಾಡಿಕೊಂಡಿದ್ದ. ಬ್ಯಾರನ್ನಿನಲ್ಲಿ ಬೆಂಕಿಯ ಶಾಖ ಎಲೆಗೆ ತಾಗಬೇಕು, ಹೊಗೆ ಮಾತ್ರ ತಾಗಬಾರದು. ಕೊಳವೆಯೊಳಗೇ ಸುತ್ತಿ ಸುತ್ತಿ ಹೊರಗೆ ಹೋಗಬೇಕು. ಎಲ್ಲಾದರೂ ಒಂದು ಬಿರುಕು ಬಿಟ್ಟರೆ ಆ ಮನೆಯವರ ವರ್ಷದ ಬೆಳೆ ಹೊಗೆ ವಾಸನೆ ಹೊಡೆದು ಹರಾಜಿನಲ್ಲಿ ಬಿದ್ದುಹೋಗುತ್ತದೆ. ಹಾಗಾಗಿ ಹೊಗೆಯ ಸ್ವಭಾವ ಚಲುವಯ್ಯನಿಗೆ ದನ ಸಾಕಿದವನಿಗೆ ದನದ ಸ್ವಭಾವ ತಿಳಿದಂತೆ ತಿಳಿದಿತ್ತು.

ಕಾರ್ಖಾನೆಗೆ ಬಂದ ಮೇಲೆ ಅವನ ಪಾಲಿಗೆ ಸಿಕ್ಕಿದ್ದು ಗೌರಿ. ಗೌರಿ ಎಂದರೆ ಹೆಂಗಸಲ್ಲ, ಡೀಸೆಲ್ ರೈಲು ಇಂಜಿನ್ನು. ಕೆರೆಯಂಗಳದಿಂದ ಕಾರ್ಖಾನೆಯ ಶೆಡ್ಡಿನವರೆಗೆ ಮುಕ್ಕಾಲು ಮೈಲಿ ಸಣ್ಣ ಹಳಿ ಹಾಕಿದ್ದರು. ಹಸಿ ಜೇಡಿಮಣ್ಣು ತುಂಬಿದ ಐದು ಕಬ್ಬಿಣದ ತೊಟ್ಟಿಗಳನ್ನು ಈ ಪುಟ್ಟ ಇಂಜಿನ್ನು ಏರಿ ಹತ್ತಿಸಿ ಎಳೆದು ತರುತ್ತಿತ್ತು. ಎತ್ತರ ಆಳುದ್ದ, ಮೂತಿ ಮೊಂಡು, ಬಣ್ಣ ಒಂದು ಕಾಲಕ್ಕೆ ಹಳದಿ. ಮಿಕ್ಕವರೆಲ್ಲ ಅದನ್ನು ಎಮ್ಮೆ ಎನ್ನುತ್ತಿದ್ದರು. ಚಲುವಯ್ಯನ ಕಿವಿಗೆ ಬಿದ್ದರೆ ಅಂಥವರಿಗೆ ಒಂದು ವಾರ ಮಾತಿಲ್ಲ.

ಗೌರಿಯ ಹೊಗೆಯಂತೂ ಹೊಗೆಯೇ. ಏರಿ ಹತ್ತುವಾಗ ಕಾಡಿಗೆ ಕರಗಿಸಿ ಉಗುಳಿದ ಹಾಗೆ ಬರುತ್ತಿತ್ತು. ಅದು ಶೆಡ್ಡಿನೊಳಗೆ ಬಂದರೆ ಹಸಿ ಹೆಂಚು ಜೋಡಿಸುವ ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದು ಆಚೆ ಓಡುತ್ತಿದ್ದರು.

ಎರಡು ಸಾವಿರದ ಒಂದನೇ ಇಸವಿ ಇರಬೇಕು. ಮೈಸೂರಿನ ಪರಿಸರದ ಕಚೇರಿಯಿಂದ ಕಾಗದ ಬಂತು. ಕಾರ್ಖಾನೆಯ ಒಳಗೆ ಓಡುವ ಡೀಸೆಲ್ ಯಂತ್ರಗಳ ಹೊಗೆಯನ್ನೂ ಇನ್ನು ಮುಂದೆ ಅಳೆಯುತ್ತಾರೆ, ಮಿತಿ ದಾಟಿದರೆ ಓಡಿಸುವಂತಿಲ್ಲ ಎಂದಿತ್ತು. ಅದರ ಹಿಂದೆಯೇ ಪ್ರಮೀಳಾ ಎಂಬ ಅಧಿಕಾರಿ ಒಂದು ಪೆಟ್ಟಿಗೆ ಹೊತ್ತ ಆಳಿನೊಂದಿಗೆ ಬಂದರು. ಪೆಟ್ಟಿಗೆಯಿಂದ ಹೊರಟ ನಳಿಕೆಯನ್ನು ಗೌರಿಯ ಹೊಗೆಕೊಳವೆಗೆ ತೂರಿಸಿದರು. ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂಬುದನ್ನು ಆ ಪೆಟ್ಟಿಗೆಯ ಮೀಟರು ನೂರಕ್ಕೆ ಇಷ್ಟು ಎಂದು ತೋರಿಸುತ್ತದೆ. ಅರವತ್ತೈದು ದಾಟಬಾರದು. ಗೌರಿ ತೊಂಬತ್ತೊಂದು ತೋರಿಸಿದಳು.

"ತೊಂಬತ್ತೊಂದು!" ಎಂದು ಚಲುವಯ್ಯ ನನ್ನ ಕಡೆ ತಿರುಗಿ ಮೀಸೆಯಲ್ಲೇ ನಕ್ಕ. "ನಮ್ ಗೌರಿ ಫಸ್ಟ್ ಕ್ಲಾಸು ಕಣ್ಲಾ ಲೇತಣ್ಣ."

ನಾನು ಅವನ ಪಂಚೆ ಎಳೆದು ಸುಮ್ಮನಿರಿಸಿದೆ.

ಪ್ರಮೀಳಾ ಅವರು ಡಿಸೆಂಬರಿನಲ್ಲಿ ಮತ್ತೆ ಬಂದು ನೋಡುತ್ತೇನೆ, ಅಷ್ಟರಲ್ಲಿ ಸರಿಯಾಗಿರಬೇಕು ಎಂದು ಬರೆದು ಹೋದರು. ಅವರು ಗೇಟು ದಾಟಿದ ಮೇಲೆ ಮ್ಯಾನೇಜರ್ ಷಣ್ಮುಖಪ್ಪನವರು ಚಲುವಯ್ಯನನ್ನು ಕರೆಸಿದರು. ಷಣ್ಮುಖಪ್ಪನವರು ಕೆಟ್ಟವರಲ್ಲ. ಆದರೆ ಅವರಿಗೆ ತಲೆನೋವು ಬಂದರೆ ತಲೆಯನ್ನೇ ಬದಲಾಯಿಸಿಬಿಡೋಣ ಅನ್ನುವ ಜಾತಿ.

"ನೋಡು ಚಲುವಯ್ಯ, ಡಿಸೆಂಬರಿನಲ್ಲಿ ಪಾಸಾಗದಿದ್ದರೆ ಇದನ್ನ ಗುಜರಿಗೆ ಹಾಕಿ ಟ್ರ್ಯಾಕ್ಟರ್ ತರ್ತೀನಿ. ಗೇಟಿನ ಗೋವಿಂದಯ್ಯ ಸಂಕ್ರಾಂತಿಗೆ ರಿಟೈರ್ ಆಗ್ತಾನೆ. ನಿನಗಿನ್ನೂ ಐದು ವರ್ಷ ಸರ್ವೀಸ್ ಇದೆಯಲ್ಲ, ಆ ಸ್ಟೂಲ್ ಮೇಲೆ ಕೂತ್ಕೋ. ನೆರಳಿದೆ, ಗಾಳಿ ಇದೆ."

"ಹಾಗ್ಲಿ ಸಾರ್" ಎಂದು ಹೊರಗೆ ಬಂದ ಚಲುವಯ್ಯ ಲೇತಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. "ಇಪ್ಪತ್ತಾರು ವರ್ಸ ಅವಳ ಮೇಲೆ ಕುಂತೋನು, ಈಗ ಸ್ಟೂಲ್ ಮೇಲೆ ಕುಂತ್ಕಂಡು ಬರೋರು ಓಗೋರಿಗೆ ಸಲಾಮು ಒಡೀಬೇಕಂತೆ ಕಣ್ಲಾ" ಎಂದ. ಆಮೇಲೆ ಊಟದ ಸೀಟಿ ಹೊಡೆದರೂ ಏಳಲಿಲ್ಲ.

ಗೌರಿಯನ್ನು ಸರಿಮಾಡಲು ಮೈಸೂರಿನಿಂದ ಮಹೇಂದ್ರ ಎಂಬ ಇಂಜಿನಿಯರನ್ನು ಕರೆಸಿದರು. ಮೂವತ್ತು ದಾಟಿರಲಿಲ್ಲ, ಒಳ್ಳೆಯ ಹುಡುಗ. ಬಂದವನೇ ಕೋಟು ಗೀಟು ಏನೂ ನೋಡದೆ ಇಂಜಿನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿದ. ಮೊದಲ ವಾರ ಚಲುವಯ್ಯ ಅವನೊಂದಿಗೆ ಹಕಾರದಲ್ಲೇ ವ್ಯವಹರಿಸಿದ. "ಸಾರ್, ಹಿಂಜಿನ್ ಹುಸ್ರಾಡ್ತಾ ಇಲ್ಲ" ಅಂದರೆ ಪಾಪ, ಮಹೇಂದ್ರ ಡೈರಿಯಲ್ಲಿ ಬರೆದುಕೊಂಡು ಯೋಚಿಸುತ್ತಿದ್ದ. ಎರಡನೇ ವಾರ ಚಲುವಯ್ಯನ ಬುತ್ತಿಯಿಂದ ಮುದ್ದೆ ಮುರಿದು ತಿಂದ ಮೇಲೆ ಹಕಾರಗಳೆಲ್ಲ ಉದುರಿಹೋಗಿ ಇಬ್ಬರೂ ಮನುಷ್ಯರ ಹಾಗೆ ಮಾತಾಡತೊಡಗಿದರು.

ಮಹೇಂದ್ರ ಹೇಳಿದ್ದು ಸರಿಯಾಗಿಯೇ ಇತ್ತು. ಹೊಗೆ ಎಂದರೆ ಪೂರ್ತಿ ಉರಿಯದ ಎಣ್ಣೆ. ಎಣ್ಣೆ ಸಣ್ಣಗೆ ಸಿಂಪಡಣೆಯಾಗಬೇಕು, ಉರಿಯಲು ಸಾಕಷ್ಟು ಗಾಳಿ ಸಿಗಬೇಕು. ಇಬ್ಬರೂ ಸೇರಿ ಎಣ್ಣೆ ಚಿಮ್ಮುವ ನಾಜಲ್ಲುಗಳನ್ನು ಬಿಚ್ಚಿ ಬದಲಾಯಿಸಿದರು. ಗಾಳಿ ಎಳೆಯುವ ಕಡೆ ದೊಡ್ಡ ಫಿಲ್ಟರ್ ಕೂರಿಸಿದರು. ಹಳೆಯದನ್ನು ಬಿಚ್ಚಿದಾಗ ಅದರೊಳಗೆ ಗುಬ್ಬಚ್ಚಿಯ ಗೂಡಿತ್ತು. ಪಂಪಿನಿಂದ ಬರುವ ಎಣ್ಣೆಯನ್ನು ಸ್ವಲ್ಪ ಬಿಗಿದರು. ಮೈಸೂರಿನಿಂದ ಎರವಲು ತಂದ ಮೀಟರಿನಲ್ಲಿ ನೋಡಿದರೆ ಎಪ್ಪತ್ತನಾಲ್ಕು. ಇನ್ನೂ ಬಿಗಿದರೆ ಹೊಗೆಯೇನೋ ಇಳಿಯುತ್ತಿತ್ತು, ಆದರೆ ಗೌರಿ ಮೂರನೇ ತೊಟ್ಟಿಗೇ ಏರಿಯ ಮಧ್ಯೆ ಮೊಂಡು ಹಿಡಿದು ನಿಲ್ಲುತ್ತಿದ್ದಳು. ಎಪ್ಪತ್ತನಾಲ್ಕಕ್ಕೂ ಅರವತ್ತೈದಕ್ಕೂ ನಡುವೆ ದಾರಿಯೇ ಕಾಣಲಿಲ್ಲ. ನವೆಂಬರು ಅರ್ಧ ಕಳೆಯಿತು. ಷಣ್ಮುಖಪ್ಪನವರ ಮೇಜಿನ ಮೇಲೆ ಟ್ರ್ಯಾಕ್ಟರಿನ ಬಣ್ಣದ ಪುಸ್ತಕ ಬಂದು ಕೂತಿತು.

ಆ ಭಾನುವಾರ ಚಲುವಯ್ಯ ಮಧ್ಯಾಹ್ನದ ಊಟಕ್ಕೆ ಕೂತಿದ್ದಾನೆ. ಅವನ ಹೆಂಡತಿ ಚಾಮುಂಡಮ್ಮ ಮುದ್ದೆ ಇಟ್ಟು ಮುಖ ನೋಡಿದಳು. ಆಮೇಲೆ ನಡೆದದ್ದನ್ನು ಅವರಿಬ್ಬರೂ ಬೇರೆ ಬೇರೆಯಾಗಿ ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ನಾನೇ ಅಲ್ಲಿ ಸಾರು ಬಡಿಸುತ್ತಿದ್ದೆನೇನೋ ಅನಿಸುತ್ತದೆ.

"ಯಾಕೆ, ಮುಖ ಇಂಗೆ ಇಳೇಬುಟ್ಟಿದ್ದೀರಿ?"

"ಗೌರೀದು ಒಗೆದೇ ಯೋಚ್ನೆ ಆಗೋಗದೆ ಕಣಮ್ಮಿ."

"ಒಗೆಯಕ್ಕೆ ಯೋಚ್ನೆ ಯಾಕೆ? ಸೋಪಾಕಿ ಉಜ್ಜಿ ಒಗೀರಿ. ಕರ್ರಗೆ ಮಸಿ ಮಸಿ ಮಾಡಿ ಮಡಿಕ್ಕಂಡಿದ್ದೀರ ಅದುನ್ನ."

"ಒಗೆ ಕಣಮ್ಮಿ, ಒಗೆ! ಕೊಳ್ವೇಲಿ ಬತ್ತದಲ್ಲ, ಆ ಒಗೆ!"

"ಓ, ಆ ಒಗೆನಾ? ಅದುನ್ನೂ ಒಗೀರಿ ಅತ್ಲಾಗೆ. ನೀರಿಲ್ವಾ ನಿಮ್ ಕಾರ್ಖಾನೇಲಿ?"

ಚಲುವಯ್ಯನ ಬಾಯಿಗೆ ಹೋಗುತ್ತಿದ್ದ ಮುದ್ದೆಯ ತುತ್ತು ದಾರಿಯಲ್ಲೇ ನಿಂತಿತು.

"ಚಾಮಿ, ಈಗ ಏನಂದೆ?"

"ಸಾರು ಬುಡ್ಲಾ ಅಂದೆ."

"ಅದ್ಕೂ ಮುಂಚೆ ಅಂದಿದ್ದು."

"ಅದ್ಕೂ ಮುಂಚೆ ಅಂದಿದ್ದೆಲ್ಲ ಮೂವತ್ತು ವರ್ಸದಿಂದ ಅಂತಾನೇ ಇವ್ನಿ. ಯಾವತ್ತು ಕಿವಿಗಾಕ್ಕಂಡ್ರಿ?"

ಅವಳು ಸಾರಿನ ಸೌಟು ಹಿಡಿದು ನಿಂತಿದ್ದ ಹಾಗೆಯೇ ಚಲುವಯ್ಯ ಎಂಜಲು ಕೈಯಲ್ಲಿ ಎದ್ದ. ಬಚ್ಚಲುಮನೆಗೆ ನುಗ್ಗಿ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಹೆಗಲಿಗೇರಿಸಿ ತೋಟದ ಕಡೆ ಹೊರಟ. ಅಲ್ಲಿ ಅವನದೊಂದು ಡೀಸೆಲ್ ಪಂಪ್‌ಸೆಟ್ಟಿತ್ತು. ಅದರ ಹೊಗೆಕೊಳವೆಗೆ ತಗಡಿನ ಹಳೆಯ ಕೊಳವೆಯೊಂದನ್ನು ಸಿಕ್ಕಿಸಿ, ತುದಿಯನ್ನು ನೀರು ತುಂಬಿದ ಹಂಡೆಯೊಳಗೆ ಮುಳುಗಿಸಿ ಇಂಜಿನ್ ಚಾಲೂ ಮಾಡಿದ. ಹಂಡೆ ಗುಳುಗುಳು ಎಂದು ಕುದಿಯತೊಡಗಿತು. ಪಕ್ಕದ ಹೊಲದ ಬೆಟ್ಟಸ್ವಾಮಿ ಸನಿಕೆ ಊರಿಕೊಂಡು ನಿಂತು ನೋಡಿದ.

"ಏನ್ ಚಲುವಣ್ಣ, ಇಂಜಿನ್ಗೇ ನೀರು ಕುಡುಸ್ತಾ ಇದ್ದೀಯಾ?"

"ಬಾಯಿ ಮುಕ್ಕಳುಸ್ತಾ ಅದೆ ಕಣ್ಲಾ. ಬೀಡಿ ಸೇದೀ ಸೇದೀ ವಾಸ್ನೆ ಒಡೀತಿತ್ತು."

ಅರ್ಧ ಗಂಟೆಯಲ್ಲಿ ಹಂಡೆಯ ನೀರು ಶಾಯಿಯಾಗಿತ್ತು, ಮೇಲೆ ಬರುತ್ತಿದ್ದ ಹೊಗೆ ತೆಳ್ಳಗಾಗಿತ್ತು. ಹಂಡೆಯೂ ಶಾಯಿಯ ಬಣ್ಣಕ್ಕೇ ತಿರುಗಿತ್ತು. ಅದಕ್ಕೆ ಚಾಮುಂಡಮ್ಮ ಏನೆಂದಳು ಅನ್ನುವುದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ.

ಸೋಮವಾರ ಆ ಕರಿ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ, ಬಸ್ಸಿನ ಕಂಡಕ್ಟರಿಗೆ ಕಷಾಯ ಎಂದು ಹೇಳಿ ಚಲುವಯ್ಯ ಕಾರ್ಖಾನೆಗೆ ತಂದ. ಮಹೇಂದ್ರ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಇವನು ಕಥೆ ಹೇಳಿದ. ಮಹೇಂದ್ರ ಮೊದಲು ನಕ್ಕ, ಆಮೇಲೆ ಹಣೆ ಚಚ್ಚಿಕೊಂಡ.

"ಚಲುವಯ್ಯನವರೇ, ಕಲ್ಲಿದ್ದಲ ಗಣಿಯೊಳಗೆ ಓಡೋ ಇಂಜಿನ್‌ಗಳಿಗೆ ಇಂಥದ್ದೇ ನೀರಿನ ಪೆಟ್ಟಿಗೆ ಇರುತ್ತೆ. ನಾನೇ ಓದಿದ್ದೆ. ಹೊಳೀಲೇ ಇಲ್ಲ ನೋಡಿ."

ಚಲುವಯ್ಯನ ಮುಖ ಸಣ್ಣಗಾಯಿತು. ತನ್ನದೇ ಎಂದುಕೊಂಡಿದ್ದು ಬೇರೆ ಯಾರದೋ ಎಂದು ತಿಳಿದರೆ ಯಾರಿಗಾದರೂ ಹಾಗಾಗುತ್ತದೆ. ಬಾಟಲಿ ವಾಪಸು ಇಸಿದುಕೊಂಡು, "ಅವ್ರ ಎಂಡ್ರೂ ಯೋಳಿರ್ಬೇಕು ಬುಡಿ" ಅಂದ.

ಕೆಲಸ ಶುರುವಾಯಿತು. ಮಹೇಂದ್ರ ಕಾಗದದ ಮೇಲೆ ಗೆರೆ ಎಳೆದ, ಚಲುವಯ್ಯ ನೆಲದ ಮೇಲೆ ಸುಣ್ಣದ ಕಲ್ಲಿನಲ್ಲಿ ಎಳೆದ. ಇಬ್ಬರ ಗೆರೆಯನ್ನೂ ಹೊಂದಿಸಿ ನಾನು ತಗಡು ಕತ್ತರಿಸಿದೆ, ಕೊಳವೆ ಜೋಡಿಸುವ ಫ್ಲೇಂಜು ಕಡೆದೆ. ಗೌರಿಯ ಬೆನ್ನಿನ ಮೇಲೆ ನೀರಿನ ಪೆಟ್ಟಿಗೆಯೊಂದು ಕೂತಿತು. ಹೊಗೆಯ ಕೊಳವೆ ನೀರಿನೊಳಗೆ ಎಷ್ಟು ಮುಳುಗಬೇಕು ಎಂಬುದರಲ್ಲಿ ಜಗಳ ಬಂತು. ಹೆಚ್ಚು ಮುಳುಗಿದರೆ ಹೊಗೆ ಚೆನ್ನಾಗಿ ತೊಳೆದುಹೋಗುತ್ತದೆ, ಆದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಮಹೇಂದ್ರ ಲೆಕ್ಕ ಹಾಕಿ ಒಂದು ಗೇಣಾದರೂ ಬೇಕೆಂದ. ಚಲುವಯ್ಯ, "ಬ್ಯಾರನ್ ಕೊಳ್ವೇಲಿ ನಾನು ಕಂಡಿವ್ನಿ, ಒಗೆ ದಾರಿ ಕಟ್ಟುದ್ರೆ ಅದು ಇಂದಕ್ಕೆ ತಿರುಕ್ಕತದೆ. ನಾಕು ಬೆಳ್ಳು ಸಾಕು" ಎಂದ. ಓದಿದವನ ಮಾತಿಗೆ ಮರ್ಯಾದೆ ಕೊಟ್ಟು ಮೊದಲು ಗೇಣೇ ಮುಳುಗಿಸಿದೆವು.

ಅದನ್ನು ನೋಡಲು ಷಣ್ಮುಖಪ್ಪನವರು ಬಿಳಿ ಶರಟು ಹಾಕಿಕೊಂಡು ಬಂದರು. ಗೌರಿ ಎರಡು ಸಲ ಕೆಮ್ಮಿದಳು, ಮೂರನೆಯದಕ್ಕೆ ಪೆಟ್ಟಿಗೆಯ ಮುಚ್ಚಳ ಹಾರಿತು. ಒಳಗಿದ್ದ ಕರಿ ನೀರೆಲ್ಲ ಆಕಾಶಕ್ಕೆ ಹೋಗಿ, ಅಲ್ಲಿಂದ ನಿಧಾನವಾಗಿ ಷಣ್ಮುಖಪ್ಪನವರ ಮೇಲೆ ಇಳಿಯಿತು. ಶೆಡ್ಡಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಈ ಸಲ ಕೆಮ್ಮು ತಡೆಯಲು ಅಲ್ಲ.

"ಒಗೀಬೋದು ಸಾರ್, ಓಯ್ತದೆ" ಎಂದು ಸಮಾಧಾನ ಹೇಳಲು ಹೋದ ಚಲುವಯ್ಯನನ್ನು ಮಹೇಂದ್ರ ಹಿಂದಕ್ಕೆಳೆದುಕೊಂಡ.

ಮಾರನೆಯ ದಿನ ಕೊಳವೆಯನ್ನು ನಾಲ್ಕು ಬೆರಳಿಗೆ ಎತ್ತಿದೆವು. ನೀರು ಚಿಮ್ಮದ ಹಾಗೆ ಪೆಟ್ಟಿಗೆಯೊಳಗೆ ಮೂರು ಅಡ್ಡ ತಗಡು ಹಾಕಿದೆವು. ಹದಿನೈದು ದಿನ ಅದನ್ನು ಬಿಚ್ಚುವುದು, ಕೂರಿಸುವುದು. ಕೊನೆಗೆ ಒಂದು ಮಧ್ಯಾಹ್ನ ಐದು ತೊಟ್ಟಿ ಮಣ್ಣು ಎಳೆದು ಏರಿ ಹತ್ತುತ್ತಿದ್ದ ಗೌರಿಗೆ ಎರವಲು ಮೀಟರು ಹಿಡಿದರೆ ಅರವತ್ತೊಂದು. ಚಲುವಯ್ಯ ಇಳಿದು ಬಂದು ಮಹೇಂದ್ರನ ಎರಡು ಕೆನ್ನೆಯನ್ನೂ ಮಸಿಗೈಯಲ್ಲಿ ಸವರಿ ನಟಿಕೆ ಮುರಿದ.

ಡಿಸೆಂಬರ್ ಹದಿನೆಂಟಕ್ಕೆ ಪ್ರಮೀಳಾ ಅವರು ಬೆಳಿಗ್ಗೆ ಎಂಟಕ್ಕೇ ಬಂದುಬಿಟ್ಟರು. ಕೆರೆಯ ಮೇಲೆ ಮಂಜು ಕೂತಿತ್ತು, ಕೈ ಜೋಬಿನಿಂದ ತೆಗೆಯಲಾರದ ಚಳಿ. ಚಲುವಯ್ಯ ಗೌರಿಗೆ ಕುಂಕುಮ ಇಟ್ಟಿದ್ದ. ಚಾಲೂ ಮಾಡಿ, ಐದು ತೊಟ್ಟಿ ಕಟ್ಟಿಕೊಂಡು ಏರಿ ಹತ್ತಿ ಬಂದ. ಕರಿ ಹೊಗೆ ಇರಲಿಲ್ಲ, ನಿಜ. ಅದರ ಬದಲು ಕೊಳವೆಯಿಂದ ಅರಳೆ ಬಿಚ್ಚಿದ ಹಾಗೆ ಬೆಳ್ಳಗೆ, ಮೋಡ ಮೋಡವಾಗಿ ಬರುತ್ತಿತ್ತು. ನಾವು ಪರೀಕ್ಷೆ ಮಾಡಿದ್ದೆಲ್ಲ ಮಧ್ಯಾಹ್ನದ ಬಿಸಿಲಿನಲ್ಲಿ. ಚಳಿಗೆ ಹೀಗಾಗುತ್ತದೆ ಎಂದು ಓದಿದವನಿಗೂ ಹೊಳೆದಿರಲಿಲ್ಲ, ಓದದವರಿಗೂ ಹೊಳೆದಿರಲಿಲ್ಲ.

ಮೀಟರು ಹಿಡಿದರು. ಎಪ್ಪತ್ತೆಂಟು.

"ಏನಿದು ಇಷ್ಟೊಂದು ಬಿಳಿ ಹೊಗೆ?" ಎಂದರು ಪ್ರಮೀಳಾ.

ಮಹೇಂದ್ರ ಬಾಯಿ ತೆರೆಯುವ ಮೊದಲೇ ಚಲುವಯ್ಯ ಇಂಜಿನ್ನಿನಿಂದ ಹಾರಿ ಕೈಮುಗಿದು ನಿಂತ. ಅವನ ಜೀವಮಾನದ ಗೌರವವೆಲ್ಲ ಒಟ್ಟಿಗೆ ನಾಲಿಗೆಗೆ ಬಂದಿತ್ತು.

"ಹಮ್ಮಾ, ಹದು ಒಗೆ ಹಲ್ಲ! ಹಾವಿ! ಕೊಳ್ವೆಯಿಂದ ಹಾವಿ ಬತ್ತಾ ಹದೆ!"

"ಹಾವಾ?" ಎಂದು ಪ್ರಮೀಳಾ ಒಂದು ಹೆಜ್ಜೆ ಹಿಂದಿಟ್ಟರು. "ಎಲ್ಲಿ?"

"ಹಲ್ಲೇ ಹಮ್ಮಾ, ಪೆಟ್ಟಿಗೆ ಹೊಳಗೆ ಹುಟ್ತದೆ, ಕೊಳ್ವೇಲಿ ಹೀಚೆಗೆ ಬತ್ತದೆ! ದಿನಾ ಬತ್ತದೆ!"

ಶೆಡ್ಡಿನಲ್ಲಿ ಯಾರೋ ಹೆಂಗಸು "ಹಾವು!" ಎಂದು ಕಿರುಚಿದಳು. ಅಷ್ಟೇ. ಜೋಡಿಸಿಟ್ಟ ಹಸಿ ಹೆಂಚಿನ ಸಾಲೊಂದು ಮಗುಚಿ ಬಿತ್ತು. ಷಣ್ಮುಖಪ್ಪನವರು ಆ ದೇಹ ಹೊತ್ತುಕೊಂಡು ಹಸಿ ಮಣ್ಣಿನ ತೊಟ್ಟಿಯೊಳಕ್ಕೆ ಹೇಗೆ ಹಾರಿದರೋ ದೇವರಿಗೇ ಗೊತ್ತು, ಮೊಣಕಾಲವರೆಗೆ ಹೂತುಕೊಂಡರು. ಪ್ರಮೀಳಾ ಅವರು ಪಕ್ಕದ ತೊಟ್ಟಿಯ ಅಂಚು ಹತ್ತಿ ನಿಂತರು. ಗೇಟಿನಿಂದ ಗೋವಿಂದಯ್ಯ ದೊಣ್ಣೆ ಹಿಡಿದು ಓಡಿಬಂದು ಗೌರಿಯ ಕೊಳವೆಯೊಳಗೆ ತೂರಿಸಿ ಆಡಿಸತೊಡಗಿದ. ಪೆಟ್ಟಿಗೆ ಹೊತ್ತುತಂದ ಆಳು ಮೀಟರನ್ನು ತಬ್ಬಿಕೊಂಡು ಗೇಟಿನಾಚೆ ಇದ್ದ.

ಇಷ್ಟೆಲ್ಲ ಯಾಕಾಗುತ್ತಿದೆ ಎಂದು ತಿಳಿಯದೆ ಚಲುವಯ್ಯ ಇನ್ನಷ್ಟು ಗಾಬರಿಯಾದ. "ಹೆದರ್ಬೇಡಿ ಹಮ್ಮಾ! ಹಾವಿ ಹೇನೂ ಮಾಡಲ್ಲ! ಬಿಸ್ಲು ಬಂದ್ರೆ ಗಾಳೀಲಿ ಕರಗೋಯ್ತದೆ!"

ತೊಟ್ಟಿಯ ಅಂಚಿನಲ್ಲಿ ನಿಂತಿದ್ದ ಪ್ರಮೀಳಾ ಅವನನ್ನೇ ನೋಡಿದರು. ಕೊಳವೆಯನ್ನು ನೋಡಿದರು. ಅವರ ತುಟಿ ಅಲುಗತೊಡಗಿತು.

"ಗಾಳೀಲಿ ಕರಗೋ ಹಾವು" ಎಂದರು. "ಯಾವೂರ್ರೀ ನಿಮ್ದು?"

"ಕಟ್ಟೆಮಳಲವಾಡಿ ಹಮ್ಮಾ."

"ನಾನು ಪಿರಿಯಾಪಟ್ನದೋಳು ಕಣ್ರೀ. ಮೇಷ್ಟ್ರು ಮನೆಗೆ ಬಂದ್ರೆ ನಮ್ಮಜ್ಜೀನೂ ಇಂಗೇ ಮಾತಾಡೋಳು. ಆಫೀಸ್ರು ಗೀಫೀಸ್ರು ಅನ್ನೋದ ಬುಟ್ಟಾಕಿ. ಮನೇಲಿ ಎಂಡ್ರಿಗೆ ಯೋಳೋ ಅಂಗೆ ಯೋಳಿ ನೋಡೋವ."

ಚಲುವಯ್ಯ ಮುಗಿದಿದ್ದ ಕೈ ಕೆಳಗಿಳಿಸಿದ. "ಆವಿ ಕಣವ್ವ. ಅನ್ನದ ತಪ್ಪಲೆ ಮುಚ್ಚಳ ತೆಗುದ್ರೆ ಬತ್ತದಲ್ಲ, ಆ ಆವಿ. ಒಗೇನ ನೀರ್ನಲ್ಲಿ ಒಗ್ದು ಬುಡ್ತಾ ಇವ್ನಿ. ಕರೀದೆಲ್ಲ ಅಲ್ಲೇ ಉಳ್ಕತದೆ. ನೀರು ಬಿಸಿ ಆಯ್ತದಲ್ಲ, ಚಳೀಗೆ ಆವಿ ಬೆಳ್ಳಗೆ ಕಾಣ್ತದೆ."

ಪ್ರಮೀಳಾ ಕೆಳಗಿಳಿದು ಪೆಟ್ಟಿಗೆ ಬಿಚ್ಚಿಸಿ ಒಳಗೆಲ್ಲ ಇಣುಕಿದರು. ಕರಿ ನೀರನ್ನು ಎಲ್ಲಿ ಚೆಲ್ಲುತ್ತೀರಿ, ಕೆರೆಗೆ ಬಿಟ್ಟರೆ ಅದಕ್ಕೆ ಬೇರೆ ನೋಟೀಸು ಕೊಡಬೇಕಾಗುತ್ತದೆ ಎಂದು ಕೇಳಿದರು. "ಮಣ್ಣು ಕಲಸೋ ಗುಂಡಿಗೆ ಕಣವ್ವ. ಎಂಚಿನ ಜೊತೆ ಗೂಡಲ್ಲಿ ಸುಟ್ಟೋಯ್ತದೆ" ಎಂದ. ಅವರು ತಲೆದೂಗಿದರು. ಆದರೆ ಫೈಲು ತೆಗೆದಾಗ ದನಿ ಮತ್ತೆ ಕಚೇರಿಯದಾಯಿತು.

"ನೀವು ಹೇಳೋದು ನಿಜ. ಆದರೆ ಮೀಟರಿಗೆ ಆವಿ ಯಾವುದು ಹೊಗೆ ಯಾವುದು ಗೊತ್ತಾಗಲ್ಲ. ಅದು ತೋರಿಸಿದ್ದನ್ನೇ ನಾನು ಬರೀಬೇಕು. ಗೂಡಿನ ಚಿಮಣಿ ನೋಡೋದಿದೆ, ಮೂರು ಗಂಟೆವರೆಗೂ ಇಲ್ಲೇ ಇರ್ತೀನಿ. ಆಮೇಲೆ ಇನ್ನೊಂದೇ ಸಲ ಅಳೀತೀನಿ."

ಮೂರು ಗಂಟೆಯೊಳಗೆ ಏನಾದರೂ ದಾರಿ ಹುಡುಕಬೇಕಿತ್ತು. ನಾವು ಮೂವರೂ ಪೆಟ್ಟಿಗೆಯ ಸುತ್ತ ಕೂತೆವು. ಬಿಸಿಲೇರಿದರೆ ಆವಿ ಸ್ವಲ್ಪ ಇಳಿಯುತ್ತದೆ, ಆದರೆ ಅಷ್ಟನ್ನೇ ನಂಬಿ ಕೂರುವಂತಿರಲಿಲ್ಲ. ಆವಿಯ ಜೊತೆ ಹಾರುವ ಹನಿಗಳನ್ನು ಕೊಳವೆಗೆ ಹೋಗುವ ಮೊದಲೇ ಹಿಡಿಯಬೇಕು ಎಂದ ಮಹೇಂದ್ರ.

"ಇಡ್ಲಿ ಮೇಲೆ ನೀರು ತೊಟ್ಟಿಕ್ಕಬಾರ್ದು ಅಂತ ಚಾಮಿ ಮುಚ್ಚಳಕ್ಕೆ ಬಟ್ಟೆ ಕಟ್ತಾಳೆ" ಎಂದ ಚಲುವಯ್ಯ.

"ಬಟ್ಟೆ ಕಟ್ಟಿದರೆ ಇಂಜಿನ್ನಿಗೆ ಉಸಿರಾಡೋಕೆ ಆಗಲ್ಲ. ಹನಿ ನಿಲ್ಲಬೇಕು, ಗಾಳಿ ಹೋಗಬೇಕು. ಬಟ್ಟೆ ಥರ ಇರಬೇಕು, ಬಟ್ಟೆ ಆಗಿರಬಾರದು."

ಚಲುವಯ್ಯ ಸುತ್ತ ನೋಡಿದ. ಅವನ ಕಣ್ಣು ನನ್ನ ಲೇತಿನ ಬುಡದಲ್ಲಿ ನಿಂತಿತು. ಕಬ್ಬಿಣ ಕಡೆಯುವಾಗ ಉದುರುವ ಸುರುಳಿಗಳು ಅಲ್ಲಿ ಕುರಿ ಉಣ್ಣೆಯ ಹಾಗೆ ರಾಶಿ ಬಿದ್ದಿದ್ದವು. ವಾರದಿಂದ ನಾನು ಗುಡಿಸಿರಲಿಲ್ಲ. ಅದಕ್ಕಾಗಿ ಷಣ್ಮುಖಪ್ಪನವರಿಂದ ಬೈಸಿಕೊಂಡಿದ್ದೆ, ಈಗ ಹೆಮ್ಮೆಪಡುತ್ತೇನೆ. ಮೂವರೂ ಕೈ ಕೊಯ್ದುಕೊಂಡು ಆ ಸುರುಳಿಗಳನ್ನು ಎಣ್ಣೆ ಹೋಗುವ ಹಾಗೆ ಬಿಸಿ ನೀರಿನಲ್ಲಿ ತೊಳೆದೆವು. ಎರಡು ಜಾಲರಿಗಳ ನಡುವೆ ಒಂದು ಗೇಣು ದಪ್ಪ ಸಡಿಲವಾಗಿ ತುಂಬಿ, ಪೆಟ್ಟಿಗೆಯ ಬಾಯಿಗೆ ಕೂರಿಸಿದೆವು. ಹಳೆಯ ನೀರು ಚೆಲ್ಲಿ ಕೆರೆಯ ತಣ್ಣೀರು ತುಂಬಿದೆವು. ಪರೀಕ್ಷೆ ಮಾಡಿ ನೋಡೋಣ ಎಂದರೆ ಗಡಿಯಾರ ಮೂರಕ್ಕೆ ಐದು ನಿಮಿಷ.

ಗೌರಿ ಐದು ತೊಟ್ಟಿ ಎಳೆದು ಏರಿ ಹತ್ತಿದಳು. ಕೊಳವೆಯ ಬಾಯಲ್ಲಿ ಒಂದು ತೆಳು ಎಳೆ, ಅಷ್ಟೇ. ಪ್ರಮೀಳಾ ಮೂರು ಸಲ ಅಳೆದರು. ಐವತ್ತೊಂಬತ್ತು. ಐವತ್ತೇಳು. ಐವತ್ತೆಂಟು. ಮೂರನೆಯದನ್ನು ಕೇಳಿದ ಮೇಲೆ ಚಲುವಯ್ಯ ಇಂಜಿನ್ನಿನ ಮೇಲೇ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡ. ಅವನು ಅಳುತ್ತಿದ್ದನೋ ಬೆವರು ಒರೆಸಿಕೊಳ್ಳುತ್ತಿದ್ದನೋ ನಾನು ಕೇಳಲಿಲ್ಲ.

ಅನುಮತಿಯ ಕಾಗದದಲ್ಲಿ ಪ್ರಮೀಳಾ ಕೈಬರಹದಲ್ಲಿ ಒಂದು ಷರತ್ತು ಸೇರಿಸಿದರು. ನೀರನ್ನು ದಿನಾ ಬದಲಾಯಿಸಬೇಕು, ಸುರುಳಿಗಳನ್ನು ವಾರಕ್ಕೊಮ್ಮೆ ತೊಳೆಯಬೇಕು, ಈ ಕೆಲಸ ಬಲ್ಲ ಚಲುವಯ್ಯನವರೇ ಇಂಜಿನ್ ಓಡಿಸಬೇಕು. ಷಣ್ಮುಖಪ್ಪನವರು ಮಣ್ಣು ಮೆತ್ತಿದ ಪ್ಯಾಂಟಿನಲ್ಲಿ ನಿಂತು, "ಮೇಡಂ, ಹೆಸರು ಯಾಕೆ, ಚಾಲಕರು ಅಂತ ಬರೆದರೆ ಸಾಲದಾ?" ಎಂದರು.

"ಬೇರೆಯವರು ಓಡಿಸಿದರೆ ಇದೇ ನಂಬರ್ ಬರುತ್ತೆ ಅಂತ ನೀವು ಬರೆದುಕೊಡ್ತೀರಾ ಸಾರ್?"

ಷಣ್ಮುಖಪ್ಪನವರು ಕೊಡಲಿಲ್ಲ. ಕಾಗದಕ್ಕೆ ಸೀಲು ಬಿತ್ತು. ಚಲುವಯ್ಯ ಅದನ್ನು ನನ್ನಿಂದ ಎರಡು ಸಲ ಓದಿಸಿದ. ತನ್ನ ಹೆಸರು ಬಂದ ಕಡೆ ಬೆರಳಿಡಲು ಹೇಳಿದ.

ಮಾರನೆಯ ಬೆಳಿಗ್ಗೆ ಕೆರೆಯಂಗಳದಲ್ಲಿ ಐದು ತೊಟ್ಟಿ ಮಣ್ಣು ತುಂಬಿ ನಿಂತಿತ್ತು. ಗೌರಿ ಇದ್ದಳು. ಚಲುವಯ್ಯ ಇರಲಿಲ್ಲ. ಮ್ಯಾನೇಜರ ಮೇಜಿನ ಮೇಲೆ, ಮಾತಾಡುವ ಹಾಗೆಯೇ ಬರೆದ ಅವನ ರಜೆ ಚೀಟಿ ಇತ್ತು. ಎಗ್ಗಡದೇವನಕೋಟೆಯ ತಂಗಿ ಮನೆಗೆ ಹೋಗುತ್ತೇನೆ, ಅಲ್ಲಿ ಅವರೆಕಾಯಿ ಬಿದ್ದಿದೆ ಎಂದು ಬರೆದಿತ್ತು. ಹತ್ತು ಗಂಟೆಗೆ ಮಣ್ಣು ಬಿರಿಯಲು ಶುರುವಾಯಿತು. ಶೆಡ್ಡಿನ ಹೆಂಗಸರು ಕೆಲಸವಿಲ್ಲದೆ ಎಲೆಯಡಿಕೆ ಹಾಕಿಕೊಂಡು ಕೂತರು. ಬೇರೆ ಯಾರನ್ನಾದರೂ ಹತ್ತಿಸಿ ಎಂದು ಮ್ಯಾನೇಜರು ಹೇಳಿದರೆ ಮಹೇಂದ್ರ ಕಾಗದ ತೋರಿಸಿದ. ಷಣ್ಮುಖಪ್ಪನವರು ನನ್ನನ್ನು ಜೀಪಿಗೆ ಹತ್ತಿಸಿಕೊಂಡು ತಾವೇ ಹೊರಟರು.

ಕೋಟೆ ಮುಟ್ಟುವಾಗ ಹನ್ನೆರಡೂವರೆ. ಚಲುವಯ್ಯ ತಂಗಿ ರಾಮಮ್ಮನ ಮನೆಯ ಜಗುಲಿಯಲ್ಲಿ ಎಲೆಯ ಮುಂದೆ ಕೂತಿದ್ದ. ಹಿತಕಿದ ಅವರೆಬೇಳೆಯ ಸಾರಿನ ಘಮ ರಸ್ತೆಯವರೆಗೂ ಬಂದಿತ್ತು.

"ಚಲುವಯ್ಯ, ಏಳು! ಅಲ್ಲಿ ಮಣ್ಣೆಲ್ಲ ಒಣಗ್ತಾ ಇದೆ" ಎಂದರು ಷಣ್ಮುಖಪ್ಪನವರು.

ಚಲುವಯ್ಯ ಎದ್ದು ಕೈಮುಗಿಯಲಿಲ್ಲ. ಒಂದು ಹಕಾರವನ್ನೂ ಅಂಟಿಸಲಿಲ್ಲ.

"ಇಪ್ಪತ್ತಾರು ವರ್ಸದಲ್ಲಿ ಇದೇ ಮೊದ್ಲು ರಜ ಆಕಿರೋದು ಸಾರ್. ಉಣ್ಣೋ ಎಲೆ ಬುಟ್ಟು ಎದ್ದೇಳಕ್ಕೆ ಆಗಕಿಲ್ಲ. ಉಂಡ್ಮೇಲೆ ಬತ್ತೀನಿ. ಮಣ್ಣಿಗೆ ಒಂದೆರಡು ಕೊಡ ನೀರು ಚಿಮುಕ್ಸಿ ಅಂತ ಫೋನ್ ಮಾಡಿ."

ಷಣ್ಮುಖಪ್ಪನವರು ನನ್ನ ಮುಖ ನೋಡಿದರು. ನಾನು ಸಾರಿನ ತಪ್ಪಲೆ ನೋಡುತ್ತಿದ್ದೆ. ಒಳಗಿನಿಂದ ಬಂದ ರಾಮಮ್ಮ ಏನೂ ಕೇಳದೆ ಇನ್ನೆರಡು ಎಲೆ ಹಾಕಿ ನೀರು ಚಿಮುಕಿಸಿದಳು.

"ಕುಂತ್ಕಳಿ ಸಾರ್" ಎಂದ ಚಲುವಯ್ಯ, ಪಕ್ಕಕ್ಕೆ ಸರಿದು ಜಾಗ ಮಾಡುತ್ತ. "ಜೀಪು ಎಲ್ಗೂ ಓಗಕಿಲ್ಲ."